ಮೈಯೆಂಬ ಸನ್ನಿವೇಶ: ಫಿನಾಮಿನಾಲಜಿ ಮತ್ತು ಸ್ತ್ರೀವಾದಿ ದೇಹಚಿಂತನೆ

ಪಾಶ್ಚಾತ್ಯ ತತ್ತ್ವಶಾಸ್ತ್ರದಲ್ಲಿ ದೇಹವು ಬಹುಕಾಲ ಗೌರವದ ಸ್ಥಾನವನ್ನು ಪಡೆದಿರಲಿಲ್ಲ. ಪ್ಲೇಟೋವಿನ 'ಫೀಡೋ' ಸಂವಾದದಲ್ಲಿ ಅದು ಆತ್ಮಕ್ಕೆ ಒದಗಿದ ಬಂಧನ, ಜ್ಞಾನಕ್ಕೆ ಅಡ್ಡಿ. ಹದಿನೇಳನೆಯ ಶತಮಾನದ ದೇಕಾರ್ತನಲ್ಲಿ ಅದು ಒಂದು ಯಂತ್ರ. ಚಿಂತಿಸುವ 'ನಾನು' ಅದರಿಂದ ಬೇರೆಯಾದುದು. ದೇಹವನ್ನು ಹೊರಗಿನಿಂದ ಅಳೆಯುವ ವೈದ್ಯಶಾಸ್ತ್ರ, ಅದನ್ನು ಕಳಚಿಕೊಳ್ಳಬಯಸುವ ತತ್ತ್ವಶಾಸ್ತ್ರ, ಇವೆರಡರ ನಡುವೆ ದೇಹದಲ್ಲಿ ಬಾಳುವವನ ಅನುಭವಕ್ಕೆ ಎಡೆಯೇ ಇರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಈ ಕೊರತೆಯನ್ನು ತುಂಬಲು ಹೊರಟದ್ದು ಫಿನಾಮಿನಾಲಜಿ ಎಂಬ ದರ್ಶನ. ಆದರೆ ಈಗತಾನೆ 'ಬಾಳುವವನ' ಎಂದು ಪುಲ್ಲಿಂಗದಲ್ಲಿ ಹೇಳಿದ ಮಾತು ಆ ದರ್ಶನದೊಳಗೂ ಹಾಗೆಯೇ, ಯಾರ ಗಮನಕ್ಕೂ ಬಾರದೆ, ಉಳಿದುಕೊಂಡಿತ್ತು. ಅದನ್ನು ಕಂಡುಹಿಡಿದು ಪ್ರಶ್ನಿಸಿದವರು ಸ್ತ್ರೀವಾದಿ ಚಿಂತಕರು. ಅವರು ಫಿನಾಮಿನಾಲಜಿಯನ್ನು ತಳ್ಳಿಹಾಕಿದರೆಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಆದರೆ ಅವರಲ್ಲಿ ಶ್ರೇಷ್ಠರಾದವರು ಮಾಡಿದ್ದು ಬೇರೆ. ಆ ದರ್ಶನವು ತಾನೇ ತೊಟ್ಟಿದ್ದ ವ್ರತವನ್ನು ಅದು ಪಾಲಿಸಲಿಲ್ಲವೆಂದು ಅವರು ತೋರಿಸಿದರು, ಅದು ಬಿಟ್ಟಲ್ಲಿಂದ ತಾವು ಮುಂದುವರಿಸಿದರು.

ಫಿನಾಮಿನಾಲಜಿಯನ್ನು ಕನ್ನಡದಲ್ಲಿ 'ಪ್ರತೀತಿಮೀಮಾಂಸೆ' ಎನ್ನಬಹುದು. ಅದರ ಪ್ರವರ್ತಕ ಎಡ್ಮಂಡ್ ಹುಸರ್ಲ್ (1859–1938). ಲೋಕದ ವಸ್ತುಗಳ ಬಗೆಗೆ ನಾವು ಮೊದಲೇ ಕಟ್ಟಿಕೊಂಡಿರುವ ತೀರ್ಮಾನಗಳನ್ನೆಲ್ಲ ತಡೆಹಿಡಿದು, ಅವು ಅನುಭವಕ್ಕೆ ಹೇಗೆ ತೋರುತ್ತವೆಯೋ ಹಾಗೆ ವರ್ಣಿಸಬೇಕೆಂಬುದು ಆತನ ಪ್ರತಿಜ್ಞೆ. ದೇಹದ ವಿಷಯದಲ್ಲಿ ಆತ ಜರ್ಮನ್ ಭಾಷೆಯ ಎರಡು ಶಬ್ದಗಳನ್ನು ಬೇರ್ಪಡಿಸಿದ. 'ಕ್ಯೋರ್ಪರ್' ಎಂಬುದು ಕಲ್ಲು ಮರಗಳಂತೆ ತೂಕ ಅಳತೆಗಳುಳ್ಳ ಶರೀರ. 'ಲೈಬ್' ಎಂಬುದು ಒಳಗಿನಿಂದ ಅನುಭವಿಸಲ್ಪಡುವ, ಜೀವಂತವಾದ ದೇಹ. ಬಲಗೈ ಎಡಗೈಯನ್ನು ಮುಟ್ಟಿದಾಗ ಎಡಗೈ ಬರಿಯ ಮುಟ್ಟಿಸಿಕೊಂಡ ವಸ್ತುವಲ್ಲ, ತಾನೂ ಮುಟ್ಟುತ್ತಿರುತ್ತದೆ. ಲೋಕದ ಬೇರಾವ ವಸ್ತುವಿಗೂ ಈ ಇಮ್ಮುಖ ಗುಣವಿಲ್ಲ.

ಈ ಭೇದವನ್ನು ಕನ್ನಡಕ್ಕೆ ತರುವವರು ಕಷ್ಟಪಡಬೇಕಾಗಿಲ್ಲ. 'ಶರೀರ' ಎಂಬ ಸಂಸ್ಕೃತ ಶಬ್ದ ವೈದ್ಯನ ಕೋಣೆಗೆ ಸಲ್ಲುತ್ತದೆ. 'ಮೈ' ಎಂಬ ಅಚ್ಚಗನ್ನಡ ಶಬ್ದ ಬಾಳಿಗೆ ಸಲ್ಲುತ್ತದೆ. ಮೈಮರೆಯುವುದು, ಮೈಚಳಿ ಬಿಡುವುದು, ಮೈಯೆಲ್ಲ ಕಣ್ಣಾಗುವುದು, ಇವುಗಳಲ್ಲಿ ಯಾವುದೂ ಶರೀರಶಾಸ್ತ್ರದ ವಿಷಯವಲ್ಲ. ಒಂದು ವಿದ್ಯೆ ಅಭ್ಯಾಸಬಲದಿಂದ ಸಹಜವಾದಾಗ 'ಮೈಗೂಡಿತು' ಎನ್ನುತ್ತೇವೆ. ಮುಂದೆ ನೋಡಲಿರುವ ಫ್ರೆಂಚ್ ದಾರ್ಶನಿಕನು ಒಂದು ಇಡೀ ಅಧ್ಯಾಯದಲ್ಲಿ ಹೇಳಿದ್ದರ ಸಾರ ಆ ಒಂದು ಪದದಲ್ಲಿದೆ. ಆದರೆ ಇದೇ ಶಬ್ದ ಇನ್ನೊಂದು ಸಂಗತಿಯನ್ನೂ ಹೊರಗೆಡಹುತ್ತದೆ. ಹುಡುಗಿ ಋತುಮತಿಯಾದಾಗ 'ಮೈನೆರೆದಳು' ಎನ್ನುತ್ತಾರೆ. ಹುಡುಗನ ಮೈ ನೆರೆಯುವುದಿಲ್ಲ. ಅವನಿಗೆ ಮೀಸೆ ಮೂಡುತ್ತದೆ, ಅಷ್ಟೆ. ಒಂದು ಹೆಣ್ಣಿಗೆ ಒಂದು ನಿರ್ದಿಷ್ಟ ದಿನದಿಂದ ಮೈ ಎಂಬುದು ಊರಿಗೆ ತಿಳಿದ ಸುದ್ದಿಯಾಗುತ್ತದೆ ಎಂಬುದನ್ನು ಭಾಷೆಯೇ ದಾಖಲಿಸಿಕೊಂಡಿದೆ.

'ಲಿಂಗ' ಎಂಬ ಪದದ ಬಗೆಗೂ ಒಂದು ಮಾತು ಅಗತ್ಯ. ಇಂದಿನ ಸಮಾಜಶಾಸ್ತ್ರದ ಬರವಣಿಗೆಯಲ್ಲಿ 'ಲಿಂಗ', 'ಲಿಂಗತ್ವ' ಎಂಬ ಶಬ್ದಗಳು ಕ್ರಮವಾಗಿ ಜೈವಿಕ ಭೇದಕ್ಕೂ ಸಾಮಾಜಿಕ ಭೇದಕ್ಕೂ ರೂಢಿಗೆ ಬಂದಿವೆ. ವೀರಶೈವ ಪರಂಪರೆಯಲ್ಲಿ ಆ ಶಬ್ದಕ್ಕಿರುವ ಅರ್ಥ ಸಂಪೂರ್ಣ ಬೇರೆಯಾದುದರಿಂದ, ಗೊಂದಲವನ್ನು ತಪ್ಪಿಸಲು ಇಲ್ಲಿ ಸಾಧ್ಯವಾದೆಡೆಯಲ್ಲೆಲ್ಲ ಹೆಣ್ತನ, ಗಂಡುತನ ಎಂಬ ಮಾತುಗಳನ್ನೇ ಬಳಸಿದೆ.

ಹುಸರ್ಲನ ಈ ಎಳೆಯನ್ನು ಹಿಡಿದು ದೊಡ್ಡ ದರ್ಶನವಾಗಿ ನೆಯ್ದವನು ಮೋರಿಸ್ ಮೆರ್ಲೋ-ಪೋಂತಿ (1908–1961). 1939ರಲ್ಲಿ ಆತ ಬೆಲ್ಜಿಯಮ್ಮಿನ ಲೂವೆನ್ ನಗರಕ್ಕೆ ಹೋಗಿ ಅಲ್ಲಿ ಸಂರಕ್ಷಿಸಿದ್ದ ಹುಸರ್ಲನ ಅಪ್ರಕಟಿತ ಹಸ್ತಪ್ರತಿಗಳನ್ನು ಓದಿದ. 1945ರಲ್ಲಿ ಆತನ ಮಹಾಕೃತಿ 'ಪ್ರತ್ಯಕ್ಷಾನುಭವದ ಫಿನಾಮಿನಾಲಜಿ' ಪ್ರಕಟವಾಯಿತು. ದೇಹವು ನಮ್ಮ ಬಳಿ ಇರುವ ಒಂದು ವಸ್ತುವಲ್ಲ. ಲೋಕವು ನಮಗೆ ಲೋಕವಾಗಿ ತೋರುವುದೇ ಅದರ ಮೂಲಕ ಎಂಬುದು ಅದರ ಮುಖ್ಯ ಪ್ರತಿಪಾದನೆ. ಕುರುಡನ ಕೈಯ ಕೋಲು ಅಭ್ಯಾಸವಾದ ಮೇಲೆ ಅವನಿಗೆ ಒಂದು ವಸ್ತುವಾಗಿ ಉಳಿಯುವುದಿಲ್ಲ. ಅವನ ಸ್ಪರ್ಶ ಕೋಲಿನ ತುದಿಯವರೆಗೆ ಚಾಚಿಕೊಳ್ಳುತ್ತದೆ. ಹೊಸ ಆರ್ಗನ್ ವಾದ್ಯದ ಮುಂದೆ ಕುಳಿತ ವಾದಕ ಅದರ ಕೀಲಿಗಳನ್ನು ಎಣಿಸುತ್ತ ಕೂಡುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅದು ಅವನ ಮೈಗೆ ಹೊಂದಿಕೊಳ್ಳುತ್ತದೆ. ಪ್ರಜ್ಞೆಯ ಮೂಲರೂಪ 'ನಾನು ಚಿಂತಿಸುತ್ತೇನೆ' ಎಂಬುದಲ್ಲ, 'ನಾನು ಮಾಡಬಲ್ಲೆ' ಎಂಬುದು ಎಂದು, ಹುಸರ್ಲನಿಂದ ಪಡೆದ ಮಾತನ್ನು ಆತ ಬೆಳೆಸಿದ. ಕನ್ನಡದ 'ಬಲ್ಲೆ' ಎಂಬ ಕ್ರಿಯಾರೂಪದಲ್ಲಿ ಅರಿವೂ ಸಾಮರ್ಥ್ಯವೂ ಒಟ್ಟಿಗೆ ಇರುವುದು ಇಲ್ಲಿ ಸ್ಮರಣೀಯ.

ಈ ಗ್ರಂಥದ ಉದಾಹರಣೆಗಳಲ್ಲಿ ಒಬ್ಬ ಹೆಂಗಸೂ ಬರುತ್ತಾಳೆ. ಗರಿಯಿಟ್ಟ ಟೊಪ್ಪಿಗೆಯನ್ನು ಧರಿಸಿದ ಆಕೆ, ಯಾವ ಲೆಕ್ಕಾಚಾರವೂ ಇಲ್ಲದೆ, ಗರಿ ಎಲ್ಲಿಯೂ ತಗುಲಿ ಮುರಿಯದಂತೆ ಬಾಗಿಲು ಗೋಡೆಗಳಿಂದ ಅಂತರವನ್ನು ಕಾದುಕೊಂಡು ನಡೆಯುತ್ತಾಳೆ. ಗರಿಯವರೆಗೂ ಆಕೆಯ ಮೈ ವ್ಯಾಪಿಸಿದೆ ಎಂಬುದಕ್ಕೆ ಇದು ದೃಷ್ಟಾಂತ. ದೃಷ್ಟಾಂತ ಚೆನ್ನಾಗಿದೆ. ಆದರೆ ಕುರುಡನ ಕೋಲು ಅವನನ್ನು ಲೋಕದ ಕಡೆಗೆ ಒಯ್ಯುತ್ತದೆ. ಈ ಗರಿ ಆಕೆಯನ್ನು ಲೋಕದಿಂದ ಒಂದು ಗೇಣು ಹಿಂದಕ್ಕೆ ಹಿಡಿಯುತ್ತದೆ. ಆಕೆ ಆ ಗರಿಯನ್ನು ಏಕೆ ಧರಿಸಿದಳು, ಯಾರು ನೋಡಲೆಂದು ಧರಿಸಿದಳು, ಅದನ್ನು ಕಾಯುತ್ತ ನಡೆಯುವ ಎಚ್ಚರ ದಿನವಿಡೀ ಮೈಯಲ್ಲಿದ್ದರೆ ಆ ಮೈಗೆ ಲೋಕ ಹೇಗೆ ಕಾಣುತ್ತದೆ? ಈ ಪ್ರಶ್ನೆಗಳನ್ನು ಕೇಳುವ ಅಗತ್ಯ ಮೆರ್ಲೋ-ಪೋಂತಿಗೆ ತೋರಲಿಲ್ಲ. ಎಲ್ಲ ಪೂರ್ವಗ್ರಹಗಳನ್ನೂ ತಡೆಹಿಡಿಯಲು ಹೊರಟ ಶಾಸ್ತ್ರ, ತನ್ನ 'ಸಾಮಾನ್ಯ ದೇಹ' ಗಂಡಸಿನದೆಂಬ ಪೂರ್ವಗ್ರಹವನ್ನು ತಡೆಹಿಡಿಯಲಿಲ್ಲ.

ಆ ಕೃತಿಯನ್ನು ಅದು ಪ್ರಕಟವಾದ ವರ್ಷದಲ್ಲಿಯೇ 'ಲೆ ತಾಂ ಮೊದೆರ್ನ್' ಪತ್ರಿಕೆಯಲ್ಲಿ ಮೆಚ್ಚುಗೆಯಿಂದ ವಿಮರ್ಶಿಸಿದವರು ಸಿಮೋನ್ ದ ಬೋವಾ (1908–1986). ನಾಲ್ಕು ವರ್ಷಗಳ ತರುವಾಯ, 1949ರಲ್ಲಿ, ಅವರ 'ದ್ವಿತೀಯ ಲಿಂಗ' ಎರಡು ಸಂಪುಟಗಳಲ್ಲಿ ಹೊರಬಂತು. ಸ್ತ್ರೀವಿಮೋಚನೆಯ ಘೋಷಣಾಗ್ರಂಥವೆಂದು ಅದು ಪ್ರಸಿದ್ಧವಾಯಿತು. 1956ರಲ್ಲಿ ವ್ಯಾಟಿಕನ್ ಅದನ್ನು ನಿಷಿದ್ಧಗ್ರಂಥಗಳ ಪಟ್ಟಿಗೆ ಸೇರಿಸಿತು. ಈ ಗದ್ದಲದಲ್ಲಿ ಅದು ಮೂಲತಃ ತತ್ತ್ವಶಾಸ್ತ್ರದ ಗ್ರಂಥವೆಂಬುದು ಮರೆತುಹೋಯಿತು. ಜೀವಶಾಸ್ತ್ರವನ್ನು ಕುರಿತ ಮೊದಲ ಅಧ್ಯಾಯದಲ್ಲಿಯೇ ಬೋವಾ ಅವರು ಹೈಡೆಗ್ಗರ್, ಸಾರ್ತ್ರೆ, ಮೆರ್ಲೋ-ಪೋಂತಿ ಮೂವರನ್ನೂ ಹೆಸರಿಸಿ, ದೇಹವು ವಸ್ತುವಲ್ಲ, ಅದೊಂದು ಸನ್ನಿವೇಶ ಎಂಬ ನಿಲುವಿಗೆ ತಾವು ಬದ್ಧರೆಂದು ಸ್ಪಷ್ಟಪಡಿಸುತ್ತಾರೆ. ಸನ್ನಿವೇಶ ಎಂದರೆ ವಿಧಿಯಲ್ಲ. ಬರಿಯ ಹೊರ ಉಡುಪೂ ಅಲ್ಲ. ಏರಬೇಕಾದ ಬೆಟ್ಟ ಏರಲೆಳಸುವವನಿಗೆ ಹೇಗೋ ಹಾಗೆ: ಅದು ನಿಜವಾಗಿ ಎತ್ತರವಾಗಿದೆ, ಆದರೆ ಅದು ಅಡ್ಡಿಯೋ ಆಹ್ವಾನವೋ ಎಂಬುದು ಏರಹೊರಟವನ ಬಾಳಿನಿಂದ ನಿರ್ಧಾರವಾಗುತ್ತದೆ. ಹೆಣ್ಣಿನ ಸ್ನಾಯುಬಲ ಗಂಡಿನದಕ್ಕಿಂತ ಕಡಿಮೆ ಎಂಬ ಅಳತೆ ಸತ್ಯವೇ ಇರಬಹುದು. ಆದರೆ ಯಾವ ಸಮಾಜದಲ್ಲಿ, ಯಾವ ಕೆಲಸಕ್ಕೆ, ಯಾವ ಉಪಕರಣದೊಡನೆ ಎಂಬುದನ್ನು ಹೇಳದೆ 'ದೌರ್ಬಲ್ಯ' ಎಂಬ ಮಾತಿಗೆ ಅರ್ಥವೇ ಹುಟ್ಟುವುದಿಲ್ಲ.

ಎರಡನೆಯ ಸಂಪುಟದ ಹೆಸರು 'ಬಾಳಿದ ಅನುಭವ'. ಇದು ಫಿನಾಮಿನಾಲಜಿಯ ಪಾರಿಭಾಷಿಕ ಶಬ್ದ. ಹುಡುಗಿಯ ಬಾಲ್ಯ, ಮೈನೆರೆಯುವಿಕೆ, ಮದುವೆ, ತಾಯ್ತನ, ಮುಪ್ಪು, ಇವುಗಳನ್ನು ಹೊರಗಿನ ಅಂಕಿಅಂಶಗಳಾಗಿ ಅಲ್ಲದೆ ಅನುಭವಿಸುವವಳ ಕಡೆಯಿಂದ ವರ್ಣಿಸುವ ಸಂಪುಟವದು. ಆದರೆ 1953ರಲ್ಲಿ ಹೊರಬಂದ ಇಂಗ್ಲಿಷ್ ಅನುವಾದದಲ್ಲಿ ಆ ಶೀರ್ಷಿಕೆ 'ಇಂದಿನ ಹೆಣ್ಣಿನ ಜೀವನ' ಎಂಬರ್ಥದ ಸಾಧಾರಣ ಮಾತಾಯಿತು. ಅನುವಾದಕ ಪಾರ್ಷ್ಲೆ ಅವರು ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರು; ಪ್ರಾಮಾಣಿಕರು, ಪರಿಶ್ರಮಿಗಳು; ಆದರೆ ತತ್ತ್ವಶಾಸ್ತ್ರದ ಪರಿಭಾಷೆ ಅವರ ಕ್ಷೇತ್ರವಾಗಿರಲಿಲ್ಲ. ಮೂಲದ ಗಣನೀಯ ಭಾಗವನ್ನು ಅವರು ಕೈಬಿಟ್ಟರು. ಅಸ್ತಿತ್ವವಾದದ ಪರಿಭಾಷೆಯನ್ನು ದಿನಬಳಕೆಯ ಮಾತಾಗಿ ತಿರುಗಿಸಿದರು. 1983ರಲ್ಲಿ ಮಾರ್ಗರೆಟ್ ಸೈಮನ್ಸ್ ಎಂಬ ಅಮೆರಿಕದ ವಿದುಷಿ ಈ ಲೋಪಗಳನ್ನು ಒಂದೊಂದಾಗಿ ಎತ್ತಿ ತೋರಿಸುವವರೆಗೆ, ಇಂಗ್ಲಿಷ್ ಬಲ್ಲ ಲೋಕ, ನಮ್ಮ ವಿಶ್ವವಿದ್ಯಾಲಯಗಳೂ ಸೇರಿದಂತೆ, ಓದುತ್ತಿದ್ದುದು ತತ್ತ್ವವನ್ನು ಸೋಸಿ ತೆಗೆದ ಒಂದು ಪುಸ್ತಕವನ್ನು. ಸಂಪೂರ್ಣ ಅನುವಾದ ಬರಲು 2009ನೆಯ ಇಸವಿಯವರೆಗೆ ಕಾಯಬೇಕಾಯಿತು. ಬೋವಾ ಅವರನ್ನು 'ಸಾರ್ತ್ರೆಯ ಶಿಷ್ಯೆ' ಎಂದು ಒಂದು ಮಾತಿನಲ್ಲಿ ಮುಗಿಸುವ ರೂಢಿಗೆ ಈ ಅನುವಾದದ ಪಾಲೂ ಇದೆ.

ಬೋವಾ ಅವರ ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ಬಸಿರು, ಬಾಣಂತನಗಳನ್ನು ವರ್ಣಿಸುವಾಗ ಅವರ ಲೇಖನಿಯಲ್ಲಿ ಒಂದು ಬಗೆಯ ಜುಗುಪ್ಸೆ ಇಣುಕುತ್ತದೆ. ಹೆಣ್ಣಿನ ದೇಹವು ಸಂತತಿಯ ದಾಸ್ಯಕ್ಕೆ ಸಿಕ್ಕಿದೆ ಎಂಬಂತಹ ಭಾವ ಮತ್ತೆ ಮತ್ತೆ ಬರುತ್ತದೆ. ದೇಹ ವಸ್ತುವಲ್ಲವೆಂದವರೇ ಕೆಲವೆಡೆ ಅದನ್ನು ಭಾರವಾದ ವಸ್ತುವಿನಂತೆ ಕಂಡಿದ್ದಾರೆ.

ಇಷ್ಟೆಲ್ಲ ತತ್ತ್ವಚರ್ಚೆ ಒಂದು ಚಿಕ್ಕ ಚೆಂಡಿನ ಮೇಲೆ ಬಂದು ನಿಂತದ್ದು 1980ರಲ್ಲಿ. ಆ ವರ್ಷ 'ಹ್ಯೂಮನ್ ಸ್ಟಡೀಸ್' ಎಂಬ ಪತ್ರಿಕೆಯಲ್ಲಿ ಐರಿಸ್ ಮರಿಯನ್ ಯಂಗ್ (1949–2006) ಅವರ ಒಂದು ಪ್ರಬಂಧ ಪ್ರಕಟವಾಯಿತು. 'ಹುಡುಗಿಯಂತೆ ಎಸೆಯುವುದು' ಎಂಬುದು ಅದರ ಶೀರ್ಷಿಕೆಯ ಅರ್ಥ. ಅಮೆರಿಕದ ಆಟದ ಬಯಲುಗಳಲ್ಲಿ ಹುಡುಗರನ್ನು ಹಂಗಿಸಲು ಬಳಸುವ ಮಾತು. ಈ ವಿಷಯದ ಮೇಲೆ ಬಂದಿರುವ ಬರಹಗಳಲ್ಲಿ ಇದಕ್ಕೆ ಸಮನಾದುದು ವಿರಳ.

ಯಂಗ್ ಅವರು ಪ್ರಾರಂಭಿಸುವುದು ಎರ್ವಿನ್ ಸ್ಟ್ರೌಸ್ (1891–1975) ಎಂಬ ಫಿನಾಮಿನಾಲಜಿಸ್ಟರ ಒಂದು ಅವಲೋಕನದಿಂದ. ಐದು ವರ್ಷದ ಹುಡುಗ ಚೆಂಡೆಸೆಯುವಾಗ ತೋಳನ್ನು ಹಿಂದಕ್ಕೂ ಪಕ್ಕಕ್ಕೂ ಚಾಚಿ, ಮುಂಡವನ್ನು ತಿರುಚಿ, ಕಾಲನ್ನು ಹಿಂದಿಟ್ಟು, ಇಡೀ ಮೈಯಿಂದ ಎಸೆಯುತ್ತಾನೆ; ಅದೇ ವಯಸ್ಸಿನ ಹುಡುಗಿ ಮುಂಗೈಯನ್ನಷ್ಟೆ ಆಡಿಸಿ ಎಸೆಯುತ್ತಾಳೆ, ಅವಳ ಸುತ್ತಲಿನ ಪಾರ್ಶ್ವಾವಕಾಶ ಬಳಕೆಯಾಗದೆ ಉಳಿಯುತ್ತದೆ. ಸ್ಟ್ರೌಸ್ ಇದಕ್ಕೆ ಕಾರಣ ಹುಡುಕುತ್ತಾರೆ. ಸ್ತನಗಳು ಅಡ್ಡಿಯೆನ್ನಲು ಆ ವಯಸ್ಸಿನಲ್ಲಿ ಅವು ಇಲ್ಲ; ಸ್ನಾಯುಬಲದ ಕೊರತೆಯೆನ್ನಲು, ಹಾಗಿದ್ದರೆ ಹುಡುಗಿ ಹೆಚ್ಚಿನ ಸಿದ್ಧತೆಯಿಂದ ಅದನ್ನು ತುಂಬಿಕೊಳ್ಳಬೇಕಾಗಿತ್ತು. ಎಲ್ಲ ಕಾರಣಗಳೂ ಬಿದ್ದುಹೋದ ಮೇಲೆ ಅವರು 'ಸ್ತ್ರೀಸಹಜವಾದ ಒಂದು ಮನೋಭಾವ' ಎಂದು ಹೇಳಿ ನಿಲ್ಲಿಸುತ್ತಾರೆ. ಎಷ್ಟು ಸೂಕ್ಷ್ಮವಾಗಿ ನೋಡಿದ ಕಣ್ಣು ಎಂತಹ ಕಡೆ ಮುಚ್ಚಿಕೊಂಡಿತು! ವಿವರಿಸಬೇಕಾದ ಸಂಗತಿಗೇ ಒಂದು ಹೆಸರಿಟ್ಟು, ಆ ಹೆಸರನ್ನು ಕಾರಣವೆಂದು ಕರೆದರೆ ಅದು ಶಾಸ್ತ್ರವಾಗುವುದಿಲ್ಲ.

ಯಂಗ್ ಅವರು ಸ್ಟ್ರೌಸ್ ನಿಲ್ಲಿಸಿದಲ್ಲಿಂದ ಮುಂದುವರಿಯುತ್ತಾರೆ. ಭಾರವಾದುದನ್ನು ಎತ್ತುವಾಗ ಕಾಲು ಬೆನ್ನುಗಳ ಬಲವನ್ನೆಲ್ಲ ತಾರದೆ ಕೈಗಳಿಂದಷ್ಟೆ ಎತ್ತಹೋಗುವುದು. ಬರುವ ಚೆಂಡಿನ ಕಡೆಗೆ ತಾನು ಮುನ್ನುಗ್ಗದೆ, ಅದು ತನ್ನ ಮೇಲೆ ಬೀಳಲು ಬರುತ್ತಿದೆಯೆಂಬಂತೆ ಮೈಯನ್ನು ಕುಗ್ಗಿಸುವುದು. ಸಣ್ಣ ಹಳ್ಳವನ್ನು ದಾಟುವಾಗ ತನ್ನಿಂದಾದೀತೇ ಎಂದು ಕಾಲನ್ನು ಇಟ್ಟೂ ಇಡದಂತೆ ಅನುಮಾನಿಸುವುದು. ಇವೆಲ್ಲ ಬಿಡಿ ಬಿಡಿ ದೌರ್ಬಲ್ಯಗಳಲ್ಲ, ಒಂದೇ ರಚನೆಯ ಮುಖಗಳು ಎಂಬುದು ಅವರ ವಾದ. ಮೆರ್ಲೋ-ಪೋಂತಿಯ ದೇಹ ತನ್ನನ್ನು ಮರೆತು ಗುರಿಯ ಕಡೆಗೆ ಹರಿಯುತ್ತದೆ. ಇಲ್ಲಿ ಅದು ಅರ್ಧ ದಾರಿಯಲ್ಲಿ ತನ್ನ ಕಡೆಗೆ ತಿರುಗಿ ನೋಡಿಕೊಳ್ಳುತ್ತದೆ. 'ಮಾಡಬಲ್ಲೆ' ಎಂದು ಚಾಚಿದ ಕೈಯಲ್ಲಿಯೇ 'ಮಾಡಲಾರೆ' ಎಂಬ ತಡೆಯೂ ಇರುತ್ತದೆ. ಚಲಿಸುವ ಅಂಗವೊಂದು, ಅಲುಗದೆ ನಿಂತ ಉಳಿದ ಮೈಯೊಂದು ಎಂದು ದೇಹದ ಐಕ್ಯ ಒಡೆಯುತ್ತದೆ. ಸುತ್ತಲಿನ ಅವಕಾಶವೂ ಕಿರಿದಾಗುತ್ತದೆ: ದೂರದ 'ಅಲ್ಲಿ' ಎಂಬುದು ಕಣ್ಣಿಗೆ ಕಾಣುತ್ತದೆ, ಆದರೆ ತಾನು ಹೋಗಬಹುದಾದ ಸ್ಥಳವಾಗಿ ಕಾಣುವುದಿಲ್ಲ.

ಕಾರಣವೇನು? ಪ್ರಕೃತಿಯಲ್ಲ, ಯಾವುದೋ ನಿಗೂಢವಾದ ಸ್ತ್ರೀತತ್ತ್ವವೂ ಅಲ್ಲ. ಬಟ್ಟೆ ಕೊಳೆಯಾಗಬಾರದು, ಏಟು ಮಾಡಿಕೊಳ್ಳಬಾರದು, ಕಾಲು ಹೀಗೆ ಮಡಿಸಿ ಕೂರಬೇಕು ಎಂದು ಚಿಕ್ಕಂದಿನಿಂದ ಕಲಿಸಿದ ಪಾಠ ಒಂದು. ಮೈಯನ್ನು ಬಳಸಿ ಆಡುವ, ದುಡಿಯುವ ಅವಕಾಶಗಳ ಕೊರತೆ ಇನ್ನೊಂದು. ಎಲ್ಲಕ್ಕಿಂತ ಆಳವಾದುದು, ತನ್ನ ಮೈ ಯಾವಾಗಲೂ ಯಾರದೋ ಕಣ್ಣಿಗೆ ಬೀಳುತ್ತಿರುವ ವಸ್ತು ಎಂಬ ಎಚ್ಚರ. ನೋಡಲ್ಪಡುವ ಮೈ ತನ್ನನ್ನು ತಾನೂ ನೋಡಿಕೊಳ್ಳುತ್ತದೆ. ನೋಡಿಕೊಳ್ಳುವ ಮೈ ಮೈಮರೆಯಲಾರದು. ಹೀಗೆ, ಗಂಡಿನ ದೇಹದಲ್ಲಿ ಸಹಜವೆನಿಸುವ ಮರೆವು ಹೆಣ್ಣಿನ ದೇಹಕ್ಕೆ ದೊರಕದ ಸೌಲಭ್ಯ ಎಂದಾಯಿತು.

ಕನ್ನಡ ನಾಡಿನ ವಾಚಕರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು, ಎತ್ತಬೇಕು. ತಲೆಯ ಮೇಲೆ ಎರಡು ಕೊಡ, ಕಂಕುಳಲ್ಲಿ ಒಂದು ಕೊಡ ಹೊತ್ತು ಕೆರೆಯ ಏರಿಯ ಮೇಲೆ ನಡೆದುಬರುವ, ದಿನವಿಡೀ ಬಗ್ಗಿ ನಾಟಿ ಮಾಡುವ, ಸೌದೆ ಹೊರೆಯನ್ನು ಒಂದೇ ಎತ್ತಿಗೆ ತಲೆಗೇರಿಸುವ ಹೆಣ್ಣಿನ ಮೈಯಲ್ಲಿ ಈ ಬಿರುಕು ಎಲ್ಲಿದೆ? ಯಂಗ್ ಅವರು ಈ ಆಕ್ಷೇಪವನ್ನು ಮೊದಲೇ ಊಹಿಸಿದ್ದಾರೆ. ತಮ್ಮ ವರ್ಣನೆ ಮುಂದುವರಿದ ಕೈಗಾರಿಕಾ ನಾಗರಿಕ ಸಮಾಜದ ಹೆಂಗಸರಿಗೆ ಮಾತ್ರ ಸಲ್ಲುತ್ತದೆಂದು ಅವರು ಪ್ರಾರಂಭದಲ್ಲಿಯೇ ಗೆರೆ ಎಳೆಯುತ್ತಾರೆ. ನೃತ್ಯದಂತಹ ಚಲನೆಗಳನ್ನೂ ತಮ್ಮ ವಿಚಾರದಿಂದ ಹೊರಗಿಡುತ್ತಾರೆ. ಈ ಎಚ್ಚರ ಶ್ಲಾಘ್ಯ. ಆದರೂ ಆಕ್ಷೇಪದಿಂದ ಒಂದು ಲಾಭವಿದೆ. ಕೊಡ ಹೊತ್ತವಳ ಸಾಮರ್ಥ್ಯವನ್ನು ಕಂಡು 'ನಮ್ಮಲ್ಲಿ ಈ ಸಮಸ್ಯೆ ಇಲ್ಲ' ಎಂದು ಹಿಗ್ಗುವವರು, ಅದೇ ಹೆಣ್ಣು ಕೊಡವಿಳಿಸಿ ಪಂಚಾಯತಿಯ ಕಟ್ಟೆಯ ಮುಂದೆ ಹಾಯುವಾಗ ಸೆರಗನ್ನೆಳೆದುಕೊಂಡು ಮೈಯನ್ನು ಹಿಡಿಮಾಡಿಕೊಳ್ಳುವುದನ್ನೂ ನೋಡಬೇಕು. ದುಡಿಮೆಯಲ್ಲಿ ಒಂದಾಗಿದ್ದ ಮೈ ನೋಟದ ಮುಂದೆ ಎರಡಾಗುತ್ತದೆ. ಹಾಗಾದರೆ ಯಂಗ್ ಅವರು ಒಟ್ಟುಗೂಡಿಸಿ ಹೇಳಿದ ಕಾರಣಗಳು ಬೇರೆ ಬೇರೆ ಎಂದೂ, ಅಭ್ಯಾಸದ ಕೊರತೆ ಇಲ್ಲದಿದ್ದರೂ ನೋಟದ ಭಾರ ಒಂದೇ ಸಾಕೆಂದೂ ತಿಳಿಯುತ್ತದೆ. ಅವರ ಪ್ರಬಂಧದಲ್ಲಿ ಈ ಎರಡೂ ಹೆಣೆದುಕೊಂಡಿರುವುದರಿಂದ ಯಾವುದು ಎಷ್ಟು ಮಾಡುತ್ತದೆಂಬುದು ಸ್ಪಷ್ಟವಾಗುವುದಿಲ್ಲ.

ನೋಟದ ಮಾತು ಬಂದಾಗ ಶರಣಸಾಹಿತ್ಯದ ಅಭ್ಯಾಸಿಗಳಿಗೆ 'ಶೂನ್ಯಸಂಪಾದನೆ'ಯ ಒಂದು ಪ್ರಸಂಗ ನೆನಪಾಗುವುದು ಸಹಜ. ಬಟ್ಟೆಯನ್ನು ತೊರೆದು ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಕೂದಲನ್ನೇಕೆ ಮರೆಮಾಡಿಕೊಂಡೆ ಎಂದು ಕೇಳುತ್ತಾನೆ. ಮರೆಮಾಡಿದ್ದು ತನ್ನ ನಾಚಿಕೆಗಾಗಿ ಅಲ್ಲ, ನೋಡುವವರ ಮನಸ್ಸಿಗಾಗಿ ಎಂಬುದು ಆಕೆಯ ಉತ್ತರದ ತಾತ್ಪರ್ಯ. ನೋಟದ ಭಾರವನ್ನು ನೋಡಲ್ಪಡುವ ಮೈಯಿಂದ ಎತ್ತಿ ನೋಡುವ ಕಣ್ಣಿನ ಮೇಲೆ ಇಟ್ಟ ಉತ್ತರವಿದು. ದೇಹದ ಚಿಹ್ನೆಗಳನ್ನು ಕಂಡು ಜನರು ಹೆಣ್ಣು ಗಂಡೆಂದು ಹೆಸರಿಡುತ್ತಾರೆ, ಒಳಗಿರುವ ಆತ್ಮಕ್ಕೆ ಆ ಭೇದವಿಲ್ಲ ಎಂಬ ಅರ್ಥದ ಜೇಡರ ದಾಸಿಮಯ್ಯನ ವಚನವನ್ನೂ ಇಂತಹ ಚರ್ಚೆಗಳಲ್ಲಿ ಉದಾಹರಿಸುವುದು ವಾಡಿಕೆಯಾಗಿದೆ. ಆದರೆ ಇವನ್ನು ಮುಂದಿಟ್ಟು 'ಪಾಶ್ಚಾತ್ಯರು ಇಂದು ಹೇಳಿದ್ದನ್ನು ನಮ್ಮವರು ಅಂದೇ ಹೇಳಿದ್ದರು' ಎಂದು ತೀರ್ಪು ಕೊಡುವುದು ಇಬ್ಬರಿಗೂ ಅನ್ಯಾಯ. ದಾಸಿಮಯ್ಯನ ಪ್ರಶ್ನೆ ಆತ್ಮಕ್ಕೆ ಹೆಣ್ತನವುಂಟೇ ಎಂಬುದು; ಬೋವಾ, ಯಂಗ್ ಅವರ ಪ್ರಶ್ನೆ ತೋಳು ಎತ್ತುವಾಗ ಹೆಣ್ತನ ಎಲ್ಲಿ ಕೂತಿರುತ್ತದೆ ಎಂಬುದು. ಮೊದಲನೆಯದಕ್ಕೆ ಉತ್ತರ ಕಂಡುಕೊಂಡವರಿಗೂ ಎರಡನೆಯದು ಉಳಿದೇ ಇರುತ್ತದೆ. ಅಕ್ಕನ ಪ್ರಸಂಗ ಇನ್ನೂ ಹತ್ತಿರದ್ದು, ಏಕೆಂದರೆ ಅಲ್ಲಿ ಪ್ರಶ್ನೆ ಕೇಳಿದ್ದೂ ಉತ್ತರ ಕೊಟ್ಟದ್ದೂ ಒಂದು ಮೈಯನ್ನು ಎದುರಿಗಿಟ್ಟುಕೊಂಡು. ಆದರೂ ಅದು ಅನುಭಾವಿಯ ಪರೀಕ್ಷೆ. ಎಲ್ಲ ಹೆಂಗಸರ ದಿನಬಾಳಿನ ವರ್ಣನೆಯಲ್ಲ.

ಇನ್ನು ಕಾಮದ ವಿಷಯ. ಮೆರ್ಲೋ-ಪೋಂತಿಯ ಗ್ರಂಥದಲ್ಲಿ ದೇಹವನ್ನು ಕಾಮಜೀವಿಯಾಗಿ ಕಾಣುವ ಒಂದು ಅಧ್ಯಾಯವೇ ಇದೆ. ಕಾಮವು ಅಂಗಗಳ ಯಾಂತ್ರಿಕ ಕ್ರಿಯೆಯೂ ಅಲ್ಲ, ಮನಸ್ಸಿನ ಬರಿಯ ಕಲ್ಪನೆಯೂ ಅಲ್ಲ. ಅದು ಬಾಳಿನುದ್ದಕ್ಕೂ ಒಂದು ಹವೆಯಂತೆ ಹರಡಿಕೊಂಡಿರುತ್ತದೆ ಎಂಬ ಅದರ ತಿರುಳು ಇಂದಿಗೂ ಬೆಲೆಯುಳ್ಳದ್ದು. ಆಧಾರವಾಗಿ ಆತ ಎತ್ತಿಕೊಳ್ಳುವುದು ಶ್ನೈಡರ್ ಎಂದು ವೈದ್ಯಸಾಹಿತ್ಯದಲ್ಲಿ ಹೆಸರಾದ ರೋಗಿಯನ್ನು. ಮೊದಲ ಮಹಾಯುದ್ಧದಲ್ಲಿ ತಲೆಗೆ ಪೆಟ್ಟಾದ, ಗೆಲ್ಬ್ ಮತ್ತು ಗೋಲ್ಡ್‌ಸ್ಟೈನ್ ಎಂಬ ವಿಜ್ಞಾನಿಗಳು ದೀರ್ಘಕಾಲ ಪರೀಕ್ಷಿಸಿದ ಸೈನಿಕನಾತ. ಅವನಿಗೆ ಚಿತ್ರಗಳಿಂದಾಗಲಿ ಮಾತುಗಳಿಂದಾಗಲಿ ಕಾಮೋದ್ರೇಕವಾಗುವುದಿಲ್ಲ. ದೇಹವೆಲ್ಲ ಒಂದೇ, ಹೆಂಗಸರಲ್ಲಿ ವ್ಯತ್ಯಾಸ ಕಾಣುವುದು ಸ್ವಭಾವದಿಂದ ಎಂಬುದು ಅವನ ಅಭಿಪ್ರಾಯ. ಇದನ್ನು ಮೆರ್ಲೋ-ಪೋಂತಿ ರೋಗಲಕ್ಷಣವೆಂದು ಎಣಿಸುತ್ತಾನೆ.

ಜೂಡಿತ್ ಬಟ್ಲರ್ ಅವರ ವಿಮರ್ಶೆ, 1989ರಲ್ಲಿ ಪ್ರಕಟವಾದದ್ದು, ಇಲ್ಲಿಯೇ ಕೈಯಿಡುತ್ತದೆ. ಶ್ನೈಡರ್ ರೋಗಿಯೆಂದಾದರೆ ಆರೋಗ್ಯವಂತನಾರು? ಹೆಣ್ಣಿನ ದೇಹವನ್ನು ಕಂಡೊಡನೆ ಅದನ್ನು ವಸ್ತುವಾಗಿ ಬಯಸುವ ಗಂಡಸು. ಆ ಬಯಕೆಯನ್ನು 'ಸಾಮಾನ್ಯ'ವೆಂದು ಕರೆದಾಗ ವರ್ಣನೆ ಮುಗಿದು ವಿಧಿ ಪ್ರಾರಂಭವಾಯಿತು. ಹೆಣ್ಣು ಬಯಸುವವಳಾಗಿ ಅಲ್ಲಿ ಇಲ್ಲ. ತನ್ನಂತಹವರನ್ನೇ ಬಯಸುವವರಿಗೂ ಅಲ್ಲಿ ಸ್ಥಳವಿಲ್ಲ. ಈ ಟೀಕೆ ಆ ಪುಟಗಳ ಮಟ್ಟಿಗೆ ನಿರುತ್ತರವಾದುದು. ಅದೇ ಅಧ್ಯಾಯದಲ್ಲಿ ಬರುವ ಇನ್ನೊಂದು ಕಥೆಯೂ ಇದನ್ನೇ ಹೇಳುತ್ತದೆ. ಪ್ರೀತಿಸಿದ ತರುಣನನ್ನು ಕಾಣಬಾರದೆಂದು ತಾಯಿ ತಡೆದಾಗ ಒಬ್ಬ ಹುಡುಗಿಯ ಮಾತೇ ನಿಂತುಹೋಗುತ್ತದೆ. ಅನುಮತಿ ದೊರೆತ ಮೇಲೆ ಮರಳುತ್ತದೆ. ಬಿನ್ಸ್‌ವಾಂಗರ್ ಎಂಬ ಮನೋವೈದ್ಯರು ದಾಖಲಿಸಿದ ಪ್ರಕರಣವಿದು. ಮೆರ್ಲೋ-ಪೋಂತಿ ಅದನ್ನು ಮನಮುಟ್ಟುವಂತೆ ವಿವರಿಸುತ್ತಾನೆ: ಮಾತು ನಿಲ್ಲುವುದೆಂದರೆ ಇತರರೊಡನೆ ಬಾಳುವುದನ್ನೇ ನಿಲ್ಲಿಸುವುದು. ಆದರೆ ಅಂತಹ ಕಟ್ಟು ಮಗನ ಮೇಲೆ ಬೀಳುತ್ತಿತ್ತೇ, ಗಂಟಲು ಕಟ್ಟಿಕೊಳ್ಳುವುದನ್ನು ಬಿಟ್ಟರೆ ಆ ಮಗಳಿಗೆ ಬೇರೆ ಯಾವ ಪ್ರತಿಭಟನೆ ಸಾಧ್ಯವಿತ್ತು ಎಂದು ಆತ ಕೇಳುವುದಿಲ್ಲ. ಕೇಳಿದ್ದರೆ ಆತನ ಸಿದ್ಧಾಂತಕ್ಕೆ ನಷ್ಟವಾಗುತ್ತಿರಲಿಲ್ಲ, ಪುಷ್ಟಿಯೇ ದೊರೆಯುತ್ತಿತ್ತು.

ಇದರಿಂದಲೇ ಬಟ್ಲರ್ ಅವರ ಟೀಕೆಯ ಮಿತಿಯೂ ಕಾಣುತ್ತದೆ. ದೃಷ್ಟಾಂತ ಕೆಟ್ಟದ್ದೆಂದ ಮಾತ್ರಕ್ಕೆ ತತ್ತ್ವ ಕೆಡುವುದಿಲ್ಲ. ಗೇಲ್ ಸಾಲಮನ್ ಅವರು 2010ರ ತಮ್ಮ ಗ್ರಂಥದಲ್ಲಿ ಅದೇ ಅಧ್ಯಾಯವನ್ನು ಇನ್ನಷ್ಟು ಔದಾರ್ಯದಿಂದ ಓದಿದ್ದಾರೆ. ಬಯಕೆ ಯಾವ ಅಂಗದಲ್ಲಿಯೂ ನೆಲೆನಿಂತದ್ದಲ್ಲ, ಅನುಭವಿಸಿದ ಮೈಗೂ ಕನ್ನಡಿಯಲ್ಲಿ ಕಾಣುವ ಶರೀರಕ್ಕೂ ಒಂದೇ ಆಕಾರವಿರಬೇಕೆಂಬ ನಿಯಮವಿಲ್ಲ ಎಂದು ಮೆರ್ಲೋ-ಪೋಂತಿಯನ್ನು ಅರ್ಥೈಸಿದರೆ, ಹುಟ್ಟಿನಲ್ಲಿ ಗಂಡೆಂದು ಹೆಸರಿಸಲ್ಪಟ್ಟು ಹೆಣ್ಣಾಗಿ ಬಾಳುವವರ, ಹೆಣ್ಣೆನಿಸಿಕೊಂಡು ಗಂಡಾಗಿ ಬಾಳುವವರ ಅನುಭವವನ್ನು ಭ್ರಮೆಯೆನ್ನದೆ ವಿವರಿಸಲು ಅದರಲ್ಲಿ ದಾರಿಯಿದೆ ಎಂಬುದು ಸಾಲಮನ್ ಅವರ ವಾದ. ಮೂಲಗ್ರಂಥಕರ್ತನು ಕನಸಿನಲ್ಲಿಯೂ ಎಣಿಸಿರದ ದಾರಿಯಿದು. ಆದರೆ ಆತನ ಮಾತಿನಿಂದ ನ್ಯಾಯವಾಗಿಯೇ ಹೊರಡುವ ದಾರಿ. ಲೂಸ್ ಇರ‍್ಯಗರೆ ಅವರು 1984ರಲ್ಲಿ ಮಾಡಿದ ಟೀಕೆ, ಮೆರ್ಲೋ-ಪೋಂತಿ ಕಣ್ಣಿಗೆ ಕೊಟ್ಟ ಪ್ರಾಶಸ್ತ್ಯವನ್ನು ಸ್ಪರ್ಶಕ್ಕೆ, ತಾಯಿಯ ಒಡಲಿನ ಸ್ಪರ್ಶಕ್ಕೆ ಕೊಡಲಿಲ್ಲವೆಂಬುದು, ಗಹನವಾದುದಾದರೂ ಅವರ ಶೈಲಿಯ ಕಾವ್ಯಮಯತೆಯಿಂದಾಗಿ ವಾದವಾಗಿ ಗಟ್ಟಿಗೊಳ್ಳುವುದಿಲ್ಲ.

ಬಟ್ಲರ್ ಅವರ ಇನ್ನೊಂದು ಓದು ಹೆಚ್ಚು ಪ್ರಭಾವಶಾಲಿಯಾಯಿತು. ಹೆಣ್ಣು ಹುಟ್ಟಿನಿಂದಲ್ಲ, ಆಗುವಿಕೆಯಿಂದ ಹೆಣ್ಣು ಎಂಬ ಬೋವಾ ಅವರ ನಿಲುವನ್ನು ಅವರು 1986ರಲ್ಲಿ ಜೈವಿಕ ಭೇದ ಬೇರೆ, ಸಾಮಾಜಿಕ ಹೆಣ್ತನ ಬೇರೆ ಎಂಬ ವಿಂಗಡಣೆಯಾಗಿ ಅರ್ಥೈಸಿದರು. 1988ರ ಪ್ರಬಂಧದಲ್ಲಿ ಹೆಣ್ತನ ಗಂಡುತನಗಳೆಂಬುವು ಮತ್ತೆ ಮತ್ತೆ ಆಡುವುದರಿಂದ ನೆಲೆಗೊಳ್ಳುವ ಕ್ರಿಯೆಗಳು ಎಂದು ಮುಂದುವರಿಸಿದರು. ಫಿನ್ಲೆಂಡಿನ ಸಾರಾ ಹೈನಾಮಾ ಅವರು 1997ರಲ್ಲಿ ಇದನ್ನು ವಿರೋಧಿಸಿದರು. ದೇಹ ಸನ್ನಿವೇಶವೆಂದವರಿಗೆ ಒಂದು ಕಡೆ ಮೂಕವಾದ ಜೀವಶಾಸ್ತ್ರ, ಇನ್ನೊಂದು ಕಡೆ ಅದರ ಮೇಲೆ ಹೊದಿಸಿದ ಸಂಸ್ಕೃತಿ ಎಂಬ ಎರಡು ಪದರಗಳು ಬೇಕಾಗಿಯೇ ಇಲ್ಲ. ಬೋವಾ ಅವರು ಕಾರಣಗಳನ್ನು ಹುಡುಕುತ್ತಿರಲಿಲ್ಲ, ಅನುಭವದ ಅರ್ಥವನ್ನು ವರ್ಣಿಸುತ್ತಿದ್ದರು. ಈ ವಿವಾದದಲ್ಲಿ ಹೈನಾಮಾ ಅವರ ಪಕ್ಷವೇ ಮೂಲಗ್ರಂಥಕ್ಕೆ ಹೆಚ್ಚು ನಿಷ್ಠವಾದುದೆಂದು ತೋರುತ್ತದೆ. ಚೆಂಡೆಸೆಯುವ ಹುಡುಗಿಯ ತೋಳಿನಲ್ಲಿ ಎಲ್ಲಿಯವರೆಗೆ ಪ್ರಕೃತಿ, ಎಲ್ಲಿಂದ ಸಮಾಜ ಎಂದು ಗೆರೆ ಎಳೆಯಹೊರಟವರಿಗೆ ತೋಳು ದಕ್ಕುವುದಿಲ್ಲ.

ಯಂಗ್ ಅವರ ಪ್ರಬಂಧಕ್ಕೆ ಅತ್ಯಂತ ಕಟುವಾದ ವಿಮರ್ಶಕರು ಸ್ವತಃ ಯಂಗ್ ಅವರೇ. 1998ರಲ್ಲಿ ಅದನ್ನು ಪುನಃ ಪರಿಶೀಲಿಸಿ, ಗುರಿಯಿಟ್ಟು ಮುನ್ನುಗ್ಗುವ ಚಲನೆಯನ್ನೇ ಚಲನೆಯ ಅಳತೆಗೋಲೆಂದು ತಾವೂ ಒಪ್ಪಿಕೊಂಡುಬಿಟ್ಟಿದ್ದೆವೆಂದು ಬರೆದರು. ಒಂದು ಕೈಯಲ್ಲಿ ಮಗುವನ್ನೆತ್ತಿ, ಇನ್ನೊಂದರಲ್ಲಿ ಒಲೆಯ ಮೇಲಿನದನ್ನು ತಿರುವುತ್ತ, ಕಿವಿಯನ್ನು ಬಾಗಿಲ ಕಡೆಗೆ ಇಟ್ಟಿರುವ ಮೈಯ ಐಕ್ಯವನ್ನು ಆ ಕೋಲಿನಿಂದ ಅಳೆದರೆ ಅದು ಚದರಿದಂತೆಯೇ ಕಾಣುತ್ತದೆ. ಈ ದೋಷಕ್ಕೆ ಪರಿಹಾರವೆಂಬಂತೆ ಅವರು 1984ರಲ್ಲಿಯೇ ಬಸಿರಿನ ಅನುಭವವನ್ನು ಕುರಿತು ಇನ್ನೊಂದು ಪ್ರಬಂಧ ಬರೆದಿದ್ದರು. ಬೋವಾ ಅವರ ಜುಗುಪ್ಸೆ ಅಲ್ಲಿಲ್ಲ. ಬಸುರಿಗೆ ತನ್ನ ಮೈ ಎಲ್ಲಿ ಮುಗಿಯುತ್ತದೆ, ಲೋಕ ಎಲ್ಲಿ ಪ್ರಾರಂಭವಾಗುತ್ತದೆ ಎಂಬ ಎಲ್ಲೆಯೇ ಸರಿದಾಡುತ್ತಿರುತ್ತದೆ. ಒಳಗಿನ ಮಿಸುಕಾಟ ತನ್ನದೂ ಹೌದು, ತನ್ನದಲ್ಲದ್ದೂ ಹೌದು. ಆಗ ಅವಳು ತನ್ನ ಮೈಯನ್ನು ಗಮನಿಸುತ್ತಾಳೆ, ಆದರೆ ಆ ಗಮನ ಅವಳ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ; ಮೈಯನ್ನು ಮರೆತಾಗಲೇ ಮೈ ಚೆನ್ನಾಗಿ ನಡೆಯುತ್ತದೆ ಎಂಬ ಮೆರ್ಲೋ-ಪೋಂತಿಯ ಮೂಲಸೂತ್ರವೇ ಇಲ್ಲಿ ಸಡಿಲವಾಗುತ್ತದೆ. ಆ ಪ್ರಬಂಧದ ಕೊನೆಯ ಭಾಗ ಆಸ್ಪತ್ರೆಯದು. ಉಪಕರಣಗಳು ಒಳಗಿನ ಮಗುವನ್ನು ಎಲ್ಲರ ಕಣ್ಣಿಗೂ ಕಾಣಿಸುವಂತೆ ಮಾಡಿದಷ್ಟೂ, ಮಿಸುಕಾಟವನ್ನು ಎಲ್ಲರಿಗಿಂತ ಮೊದಲು ಬಲ್ಲವಳ ಮಾತಿಗೆ ವೈದ್ಯರು ಕೊಡುವ ಬೆಲೆ ಕಡಿಮೆಯಾಗುತ್ತ ಬರುತ್ತದೆಂದು ಅವರು ಅಲ್ಲಿ ತೋರಿಸಿದ್ದಾರೆ.